ಗಾಡಿ ಹೋದರೆ ಹೋಗಲಿ, ಜೀವ ಉಳಿಯಲಿ

ಕೆಲವು ವರ್ಷಗಳ ಹಿಂದೆ ದಕ್ಷಿಣ ಆಫ್ರಿಕಾದ ಜೊಹಾನೆಸ್‌ಬರ್ಗ್‌ನಲ್ಲಿ ಮಗಳ ಮನೆಯಲ್ಲಿ ಎರಡು ತಿಂಗಳು ತಂಗಿದ್ದೆ. ಮೊದಲ ಸಂಜೆಯೇ ಒಂದು ಸಂಗತಿ ವಿಚಿತ್ರವೆನಿಸಿತು. ವಿಮಾನ ನಿಲ್ದಾಣದಿಂದ ಬಂದ ಅಳಿಯ ಕಾರನ್ನು ಗೇಟಿನತ್ತ ತಿರುಗಿಸದೆ ಮನೆಯನ್ನು ದಾಟಿ ಮುಂದೆ ಹೋದರು. ಬೀದಿಯ ಕೊನೆಯಲ್ಲಿ ತಿರುಗಿ ಬಂದು, ರಸ್ತೆಯ ಮೇಲೆಯೇ ನಿಂತು, ರಿಮೋಟಿನಿಂದ ಗೇಟು ಪೂರ್ತಿ ತೆರೆದ ಬಳಿಕವೇ ಒಳಗೆ ಹೋದರು. ಗೇಟು ಮುಚ್ಚುವವರೆಗೆ ಯಾರನ್ನೂ ಕೆಳಗಿಳಿಯಲು ಬಿಡಲಿಲ್ಲ. ‘ಏನು ಅಳಿಯಂದಿರೇ, ಮನೆಯೇ ಮರೆತುಹೋಯಿತೇ?’ ಎಂದು ನಗೆಯಾಡಿದೆ. ಅವರು ನಗಲಿಲ್ಲ. ‘ಇಲ್ಲ ಮಾವ, ಇಲ್ಲಿ ಕಾರು ಹೋಗುವುದು ಸಾಮಾನ್ಯವಾಗಿ ಮನೆಯ ಗೇಟಿನ ಮುಂದೆಯೇ’ ಎಂದರು.

ಅದು ಉತ್ಪ್ರೇಕ್ಷೆಯಾಗಿರಲಿಲ್ಲ. ಆ ದೇಶದಲ್ಲಿ 2022–23ರ ಒಂದೇ ಸಾಲಿನಲ್ಲಿ, ಚಾಲಕರನ್ನು ಬೆದರಿಸಿ ಕಾರು ಕಿತ್ತುಕೊಂಡ 22,000ಕ್ಕೂ ಹೆಚ್ಚು ಪ್ರಕರಣಗಳು ಪೊಲೀಸರಲ್ಲಿ ದಾಖಲಾದವು. ಅವುಗಳಲ್ಲಿ ಅತಿ ದೊಡ್ಡ ಪಾಲು ಜೊಹಾನೆಸ್‌ಬರ್ಗ್ ಇರುವ ಗೌಟೆಂಗ್ ಪ್ರಾಂತ್ಯದ್ದು. ‘ಇದು ವಾಹನ ಅಪಹರಣದ ಸ್ಥಳ, ಎಚ್ಚರಿಕೆ’ ಎಂಬ ಫಲಕಗಳನ್ನು ಸರ್ಕಾರವೇ ರಸ್ತೆ ಬದಿಯಲ್ಲಿ ನೆಟ್ಟಿದೆ. ಇಂಥ ಅಪರಾಧಕ್ಕೆ ‘ಕಾರ್‌ಜ್ಯಾಕಿಂಗ್’ ಎಂಬ ಹೆಸರು ಬಂದದ್ದು 1991ರಲ್ಲಿ, ಅಮೆರಿಕದ ಡೆಟ್ರಾಯಿಟ್‌ನ ಪತ್ರಿಕೆಯೊಂದರಿಂದ.

ಅರ್ಥಶಾಸ್ತ್ರ ಓದಿದವನಿಗೆ ಇದರಲ್ಲೊಂದು ತರ್ಕ ಕಾಣುತ್ತದೆ. ಹಿಂದೆ ನಿಲ್ಲಿಸಿದ ಕಾರನ್ನು ತಂತಿ ಜೋಡಿಸಿ ಕದಿಯಬಹುದಿತ್ತು. ಅನಂತರ ಸರಿಯಾದ ಕೀಲಿಯಿಲ್ಲದೆ ಇಂಜಿನ್ ಚಾಲೂ ಆಗದ ವಿದ್ಯುನ್ಮಾನ ವ್ಯವಸ್ಥೆ ಬಂದಿತು. ಐರೋಪ್ಯ ಒಕ್ಕೂಟವು 1998ರಲ್ಲಿ ಹೊಸ ಕಾರುಗಳಿಗೆ ಅದನ್ನು ಕಡ್ಡಾಯಗೊಳಿಸಿತು. ನಿಂತ ಕಾರಿನ ಕಳವು ಕಷ್ಟವಾದಂತೆ, ಕೀಲಿ ಯಾರ ಕೈಯಲ್ಲಿದೆಯೋ ಅವರ ಬಳಿಗೇ ಹೋಗುವುದು ಕಳ್ಳನಿಗೆ ಸುಲಭದ ದಾರಿಯಾಯಿತು. ಕಾರು ಹೆಚ್ಚು ಭದ್ರವಾಯಿತು, ಅದರೊಳಗಿನ ಮನುಷ್ಯ ಹಾಗಾಗಲಿಲ್ಲ.

ಇದರ ಕ್ರೌರ್ಯವನ್ನು ಜಗತ್ತಿಗೆ ತೋರಿಸಿದ ಪ್ರಕರಣದಲ್ಲಿ ಬಲಿಯಾದವರು ಭಾರತೀಯ ಮೂಲದ ಮಹಿಳೆ. 1992ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ರಸಾಯನ ವಿಜ್ಞಾನಿಯಾಗಿದ್ದ ಅವರು, ಎರಡು ವರ್ಷವೂ ತುಂಬದ ಮಗಳನ್ನು ಶಿಶುವಿಹಾರಕ್ಕೆ ಮೊದಲ ದಿನ ಕರೆದೊಯ್ಯುತ್ತಿದ್ದರು. ಮನೆಯ ಸಮೀಪದ ಕೂಡುರಸ್ತೆಯಲ್ಲಿ ಕಾರು ನಿಂತಾಗ ಇಬ್ಬರು ಅವರನ್ನು ಹೊರಗೆಳೆದರು. ತೋಳು ಸೀಟ್ ಬೆಲ್ಟಿಗೆ ಸಿಕ್ಕಿಕೊಂಡಿತು. ಓಡುವ ಕಾರು ಅವರನ್ನು ಎರಡು ಕಿಲೋಮೀಟರಿಗೂ ಹೆಚ್ಚು ದೂರ ಎಳೆದೊಯ್ದು ಕೊಂದಿತು. ಮಗುವನ್ನು ಅದರ ಆಸನದೊಂದಿಗೆ ಹೊರಗೆಸೆದರು. ಪುಣ್ಯಕ್ಕೆ ಅದು ಬದುಕಿತು. ಮುಂದಿನ ತಿಂಗಳೇ ಆ ದೇಶ ಇಂಥ ಅಪಹರಣವನ್ನು ಕೇಂದ್ರ ಕಾನೂನಿನಡಿ ಅಪರಾಧವೆಂದು ಸಾರಿತು.

ಜೊಹಾನೆಸ್‌ಬರ್ಗ್‌ನ ಜನ ಕಲಿತ ಪಾಠಗಳು ನಮಗೂ ಉಪಯುಕ್ತ. ಅಲ್ಲಿಯೂ ನಮ್ಮಂತೆಯೇ ಎಡಬದಿಯ ಸಂಚಾರ, ಬಲಬದಿಯ ಸ್ಟೇರಿಂಗ್. ಸಿಗ್ನಲ್‌ನಲ್ಲಿ ನಿಂತಾಗ ಮುಂದಿನ ವಾಹನದ ಹಿಂಬದಿಯ ಚಕ್ರಗಳು ನೆಲ ಮುಟ್ಟಿರುವುದು ಕಾಣುವಷ್ಟು ಅಂತರವಿರಬೇಕು. ಆಗ ಹಿಂದೆ ಸರಿಯದೆಯೇ ಪಕ್ಕಕ್ಕೆ ತಿರುಗಿಸಿಕೊಂಡು ಹೋಗಬಹುದು. ಬಾಗಿಲುಗಳು ಲಾಕ್ ಆಗಿರಬೇಕು, ಗಾಜು ಮೇಲಿರಬೇಕು, ಕೈಚೀಲ ಸೀಟಿನ ಮೇಲಿರಬಾರದು. ಯಾರೋ ಹಿಂಬಾಲಿಸುತ್ತಿದ್ದಾರೆಂಬ ಅನುಮಾನ ಬಂದರೆ ಮನೆಗೆ ಹೋಗದೆ ಪೊಲೀಸ್ ಠಾಣೆಗೋ ಜನರಿರುವ ಪೆಟ್ರೋಲ್ ಬಂಕಿಗೋ ಹೋಗಬೇಕು. ಇಷ್ಟಾಗಿಯೂ ಆಯುಧ ಎದುರಾದರೆ ವಾದ ಬೇಡ, ಸಾಹಸ ಬೇಡ. ಎರಡೂ ಕೈಗಳು ಅವರಿಗೆ ಕಾಣುತ್ತಿರಲಿ. ‘ಬೆಲ್ಟ್ ಬಿಚ್ಚುತ್ತಿದ್ದೇನೆ’ ಎಂದು ಹೇಳಿಯೇ ನಿಧಾನವಾಗಿ ಬಿಚ್ಚಬೇಕು, ಇಲ್ಲದಿದ್ದರೆ ಆಯುಧಕ್ಕೆ ಕೈ ಹಾಕಿದಿರೆಂದು ಅವರು ಭಾವಿಸಬಹುದು. ಇಂಜಿನ್ ಆರಿಸುವ ಅಗತ್ಯವಿಲ್ಲ. ಹಿಂದೆ ಮಗುವಿದ್ದರೆ ಮೊದಲ ಮಾತೇ ಅದಾಗಿರಲಿ. ಕಾರು ಅವರದು, ಮಗು ನಿಮ್ಮದು.

ನಮ್ಮಲ್ಲಿ ಸ್ಥಿತಿ ಅಷ್ಟು ಭೀಕರವಾಗಿಲ್ಲ, ನಿಜ. ಆದರೆ ನಿಶ್ಚಿಂತರಾಗಿರುವಂತೆಯೂ ಇಲ್ಲ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಗೊಂಡಿತು. ರಾತ್ರಿ ರಸ್ತೆ ಬದಿ ಕಾರು ನಿಲ್ಲಿಸಿದವರನ್ನು ಚಾಕು ತೋರಿಸಿ ಸುಲಿದ ವರದಿಗಳು ಅದೇ ವರ್ಷ ಪತ್ರಿಕೆಗಳಲ್ಲಿ ಬಂದವು. ರಾಜಧಾನಿಯಲ್ಲಿ ಇನ್ನೊಂದು ಬಗೆಯಿದೆ. ‘ನನ್ನ ಬೈಕಿಗೆ ತಾಗಿಸಿದೆ, ಇಳಿ ಕೆಳಗೆ’ ಎಂದು ಕಾರನ್ನು ಅಡ್ಡಗಟ್ಟಿ ಹಣ ವಸೂಲು ಮಾಡುವವರಿದ್ದಾರೆ. ಇಳಿಯದಿದ್ದರೆ ಕಾನೂನು ಮೀರಿದಂತಾಗುತ್ತದೆಯೇ ಎಂದು ಸಭ್ಯರು ಅಂಜುತ್ತಾರೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಗಾಯಗೊಂಡವರಿಗೆ ನೆರವಾಗುವುದು ಚಾಲಕನ ಕರ್ತವ್ಯ, ಅದರಲ್ಲಿ ಸಂಶಯವಿಲ್ಲ. ಆದರೆ ಉದ್ರಿಕ್ತ ಗುಂಪಿನಿಂದ ಅಪಾಯವಿದ್ದಾಗ ಅದೇ ಕಲಂ ವಿನಾಯಿತಿಯನ್ನೂ ಕೊಡುತ್ತದೆ. ಆಗ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ವರದಿ ಮಾಡಬೇಕು. ಗಾಜು ಇಳಿಸದೆ 112ಕ್ಕೆ ಕರೆ ಮಾಡಿ, ‘ಠಾಣೆಯಲ್ಲೇ ಮಾತಾಡೋಣ’ ಎನ್ನುವುದರಲ್ಲಿ ಕಾನೂನಿನ ಉಲ್ಲಂಘನೆಯಿಲ್ಲ. ಹೆದ್ದಾರಿಯ ರಾತ್ರಿಯನ್ನು ಕಾನೂನು ಮೊದಲಿನಿಂದಲೂ ಬೇರೆಯಾಗಿಯೇ ಕಂಡಿದೆ. 1860ರ ದಂಡ ಸಂಹಿತೆಯಲ್ಲಿ ಸುಲಿಗೆಗೆ ಗರಿಷ್ಠ ಹತ್ತು ವರ್ಷದ ಶಿಕ್ಷೆಯಿದ್ದರೆ, ಸೂರ್ಯಾಸ್ತ ಮತ್ತು ಸೂರ್ಯೋದಯದ ನಡುವೆ ಹೆದ್ದಾರಿಯಲ್ಲಿ ನಡೆದ ಸುಲಿಗೆಗೆ ಹದಿನಾಲ್ಕು ವರ್ಷವಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ.

ಆದರೆ ನಮ್ಮಲ್ಲಿ ಅತಿ ಹೆಚ್ಚಿನ ಅಪಾಯದಲ್ಲಿರುವವರು ಕಾರಿನ ಮಾಲೀಕರಲ್ಲ, ಚಾಲಕರು. ಬಾಡಿಗೆಗೆಂದು ಕರೆದೊಯ್ದು, ನಿರ್ಜನ ಸ್ಥಳದಲ್ಲಿ ಚಾಲಕನನ್ನು ಕೊಂದು ಕಾರು ಒಯ್ದ ಪ್ರಕರಣಗಳು ನಮ್ಮ ರಾಜ್ಯದಲ್ಲಿಯೂ ನಡೆದಿವೆ. 2019ರ ಜನವರಿಯಿಂದ ಹೊಸ ಟ್ಯಾಕ್ಸಿಗಳಿಗೆ ಸ್ಥಳ ಪತ್ತೆ ಸಾಧನ ಮತ್ತು ತುರ್ತು ಗುಂಡಿ ಕಡ್ಡಾಯವಾಗಿವೆ. ಆದರೂ ಕಾರು ಬಿಟ್ಟು ಓಡಿಹೋಗುವ ಸ್ವಾತಂತ್ರ್ಯ ಆ ಚಾಲಕನಿಗೆ ಇದೆಯೇ?

ಈ ಪ್ರಶ್ನೆ ನನ್ನನ್ನು ಕಾಡಲು ಕಾರಣವಿದೆ. ಸೇವೆಯ ಆರಂಭದ ವರ್ಷಗಳಲ್ಲಿ ನಾನು ಮಲೆನಾಡಿನ ಒಂದು ಉಪವಿಭಾಗದಲ್ಲಿದ್ದೆ. ಒಂದು ರಾತ್ರಿ ನನ್ನನ್ನು ಪ್ರವಾಸಿ ಮಂದಿರದಲ್ಲಿ ಇಳಿಸಿ ಹಿಂದಿರುಗುತ್ತಿದ್ದ ಜೀಪನ್ನು ನಾಲ್ವರು ರಸ್ತೆಗೆ ಮರದ ಕೊಂಬೆ ಎಳೆದು ತಡೆದರು. ಕೀಲಿ ಕೇಳಿದರು. ಚಾಲಕ ಕೊಡದೆ ಸ್ಟೇರಿಂಗನ್ನು ತಬ್ಬಿ ಕುಳಿತ. ದೊಣ್ಣೆಯಿಂದ ಹೊಡೆದು ಅವನ ಎಡಗೈ ಮುರಿದರು. ಅಷ್ಟರಲ್ಲಿ ಲಾರಿಯೊಂದು ಬಂದುದರಿಂದ ಜೀಪು ಉಳಿಯಿತು. ಮರುದಿನ ಆಸ್ಪತ್ರೆಯಲ್ಲಿ, ‘ಕೊಟ್ಟುಬಿಡಬಾರದಿತ್ತೇನಯ್ಯಾ?’ ಎಂದು ಕೇಳಿದೆ. ಅವನು ಸಂಕೋಚದಿಂದ, ‘ಜೀಪು ಹೋಗಿದ್ರೆ ಸಂಬಳದಲ್ಲಿ ಹಿಡೀತಿದ್ರಲ್ಲಾ ಸಾರ್’ ಎಂದ.

ನಾನು ಮಾತಾಡಲಿಲ್ಲ. ಕೆಲವೇ ತಿಂಗಳ ಹಿಂದೆ, ಕಳುವಾದ ಒಂದು ಸ್ಟೆಪ್ನಿಯ ಬೆಲೆಯನ್ನು ಇನ್ನೊಬ್ಬ ಚಾಲಕನ ಸಂಬಳದಿಂದ ಕಂತುಗಳಲ್ಲಿ ವಸೂಲು ಮಾಡುವ ಆದೇಶಕ್ಕೆ ಸಹಿ ಹಾಕಿದವನು ನಾನೇ. ನಿಯಮದ ಪ್ರಕಾರ ಅದು ಸರಿಯಾಗಿತ್ತು. ಅವನ ಮೊಣಕೈ ಮಾತ್ರ ಮತ್ತೆಂದೂ ನೆಟ್ಟಗಾಗಲಿಲ್ಲ.

ನಾವು ಚಾಲಕರಿಗೆ ನೂರು ಬಾರಿ ‘ಗಾಡಿ ಜೋಪಾನ’ ಎನ್ನುತ್ತೇವೆ. ‘ಗಾಡಿ ಹೋದರೆ ಹೋಗಲಿ, ನೀನು ಬಾ’ ಎಂದು ಒಮ್ಮೆಯೂ ಹೇಳಿರುವುದಿಲ್ಲ. ಹಾಗೆ ಹೇಳಬೇಕಾದರೆ ಮಾಲೀಕನ ಕಡೆಯ ಸಿದ್ಧತೆಯೂ ಬೇಕು. ಮೂರನೇ ವ್ಯಕ್ತಿಯ ವಿಮೆಯೊಂದೇ ಇದ್ದರೆ ಹೋದ ವಾಹನಕ್ಕೆ ಬಿಡಿಗಾಸೂ ಬಾರದು; ಸಮಗ್ರ ವಿಮೆ ಇರಬೇಕು. ದೂರನ್ನು ತಡಮಾಡದೆ ಕೊಡಬೇಕು. ವಿಮಾ ಕಂಪನಿಗಳು ಸಾಮಾನ್ಯವಾಗಿ ಎರಡೂ ಕೀಲಿಗಳನ್ನು ಕೇಳುವುದರಿಂದ, ಒಂದು ಕೀಲಿ ಕಾರಿನೊಂದಿಗೇ ಹೋಯಿತೆಂಬುದು ಪ್ರಥಮ ವರ್ತಮಾನ ವರದಿಯಲ್ಲಿಯೇ ದಾಖಲಾಗಬೇಕು.

ಈಗ ವಾರಕ್ಕೆರಡು ದಿನ ನಮ್ಮ ಕಾರಿಗೆ ಬರುವ ಯುವಕನಿಗೆ ಈ ಮಾತು ಹೇಳಿದಾಗ ಅವನು ನಂಬಲಾರದೆ ನಕ್ಕ. ಸರ್ಕಾರಿ ಸೇವೆಯ ಅಭ್ಯಾಸ, ಅದನ್ನೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟೆ: ಬೆದರಿಕೆ ಎದುರಾದರೆ ವಾಹನವನ್ನು ಬಿಟ್ಟುಬಿಡತಕ್ಕದ್ದು, ನಷ್ಟ ನನ್ನದು. ಅದನ್ನು ಅವನು ಮಡಚಿ ಲೈಸೆನ್ಸಿನ ಜೊತೆ ಇಟ್ಟುಕೊಂಡಿದ್ದಾನೆ. ಮನೆಗೆ ಚಾಲಕರಿರುವ ಓದುಗರು ಈ ವಾರ ಇಷ್ಟನ್ನಾದರೂ ಮಾಡಬೇಕೆಂದು ನನ್ನ ಕೋರಿಕೆ.