ಟಿಪ್ಪಣಿ ಮೂವತ್ತು ವರ್ಷ ಉಳಿಯಬೇಕೆ?

ಅಮ್ಮ ಹೇಳಿ ಬರೆಸಿದ ಅಪ್ಪೆಮಿಡಿ ಉಪ್ಪಿನಕಾಯಿಯ ಅಳತೆ, ಜಮೀನಿನ ಲೆಕ್ಕ, ಓದಿದ ಪುಸ್ತಕದ ಟಿಪ್ಪಣಿ ಎಲ್ಲವೂ ಈಗ ಕಂಪ್ಯೂಟರಿನಲ್ಲೋ ಫೋನಿನಲ್ಲೋ ಇವೆ. ಮೊಮ್ಮಕ್ಕಳಿಗೂ ಅವು ಸಿಗಬೇಕಾದರೆ ಕೆಲವು ನಂಬಿಕೆಗಳನ್ನು ಬಿಡಬೇಕು.

ತಪ್ಪು ಕಲ್ಪನೆ: ಪರದೆಯಲ್ಲಿ ಕನ್ನಡ ಕಂಡರೆ ಕಡತದಲ್ಲೂ ಕನ್ನಡವೇ ಇರುತ್ತದೆ.
ವಾಸ್ತವ: ಇರಲೇಬೇಕೆಂದಿಲ್ಲ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕ’ ಎಂದು ಬರೆದರೆ ಕಡತದೊಳಗೆ ಕೂರುವುದು ಇಂಗ್ಲಿಷಿನ ‘ಪಿ’ ಮತ್ತು ತಲೆಯ ಮೇಲೆ ಗೆರೆ ಹೊತ್ತ ‘ಎ’. ಅದಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟು. ಫಾಂಟಿಲ್ಲದ ಕಡೆ ತೆರೆದರೆ ವೇಷ ಕಳಚಿ ಗೋಜಲು ಉಳಿಯುತ್ತದೆ. ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅಲ್ಲಿ ಜಾಗವಿದೆ. ‘ಕ’ದ ಸಂಖ್ಯೆ 3221, ಅದು ಬೇರೆ ಯಾವ ಅಕ್ಷರಕ್ಕೂ ಸೇರದು, ಮುಂದೆಯೂ ಬದಲಾಗದು.

ತಪ್ಪು ಕಲ್ಪನೆ: ಒಳ್ಳೆಯ ಆ್ಯಪ್ ಇದ್ದರೆ ಸಾಕು.
ವಾಸ್ತವ: ಆ್ಯಪ್ ಮುಚ್ಚಿಹೋದ ದಿನ ಅದರದೇ ಬೀಗದೊಳಗಿನ ಬರಹವೂ ಸಿಕ್ಕಿಬೀಳುತ್ತದೆ. ಸಾದಾ ಪಠ್ಯದ ಕಡತ ಯಾವ ಯಂತ್ರದಲ್ಲೂ ತೆರೆದುಕೊಳ್ಳುತ್ತದೆ. ಶೀರ್ಷಿಕೆ, ಪಟ್ಟಿ ಬೇಕೆನ್ನುವವರಿಗೆ 2004ರಲ್ಲಿ ಬಂದ ಮಾರ್ಕ್‌ಡೌನ್ ಇದೆ. ಸಾಲಿನ ಮುಂದೆ ಹ್ಯಾಷ್ ಹಾಕಿದರೆ ಶೀರ್ಷಿಕೆ, ಅಡ್ಡಗೆರೆ ಹಾಕಿದರೆ ಪಟ್ಟಿ. ಮಾರ್ಕ್‌ಡೌನ್ ಗೊತ್ತಿಲ್ಲದ ತಂತ್ರಾಂಶದಲ್ಲೂ ಅದನ್ನು ಓದಬಹುದು. ಆ್ಯಪ್ ಕೊಳ್ಳುವ ಮುನ್ನ ಕೇಳಬೇಕಾದದ್ದು ಒಂದೇ: ನನ್ನ ಬರಹವನ್ನು ಹೊರಗೆ ತೆಗೆದುಕೊಳ್ಳಲು ಬಿಡುತ್ತದೆಯೆ?

ತಪ್ಪು ಕಲ್ಪನೆ: ಪಿಡಿಎಫ್ ಮಾಡಿಟ್ಟರೆ ಶಾಶ್ವತ.
ವಾಸ್ತವ: ಪುಟದ ರೂಪ ಕಾಯಲು ಪಿಡಿಎಫ್ ಸರಿಯೆ; ದೀರ್ಘಕಾಲದ ಸಂಗ್ರಹಕ್ಕೆಂದೇ 2005ರಲ್ಲಿ ಪಿಡಿಎಫ್/ಎ ಮಾನಕ ಬಂತು. ಆದರೆ ಟಿಪ್ಪಣಿ ಬೆಳೆಯುವಂಥದ್ದು, ತಿದ್ದಬೇಕಾದದ್ದು. ಪಿಡಿಎಫ್‌ನಿಂದ ಕನ್ನಡ ನಕಲಿಸಿದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುವುದೂ ಉಂಟು. ಮೂಲ ಪಠ್ಯವನ್ನು ಬೇರೆಯಾಗಿ ಇಡಿ.

ತಪ್ಪು ಕಲ್ಪನೆ: ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿಟ್ಟರೆ ಚಿಂತೆಯಿಲ್ಲ.
ವಾಸ್ತವ: ವರ್ಷಗಟ್ಟಲೆ ಸುಮ್ಮನೆ ಬಿದ್ದ ಪೆನ್‌ಡ್ರೈವಿನ ವಿದ್ಯುತ್ ಆವೇಶ ನಿಧಾನವಾಗಿ ಸೋರುತ್ತದೆ. ಹತ್ತನೆಯ ಶತಮಾನದ ಪಂಪನ ಕಾವ್ಯ ನಮ್ಮ ಕೈಸೇರಿದ್ದು ಅವನದೇ ಓಲೆಗರಿಯಿಂದಲ್ಲ, ತಲೆಮಾರುಗಳು ಪ್ರತಿ ಮಾಡುತ್ತ ಬಂದದ್ದರಿಂದ. ಮೂರು ಪ್ರತಿ ಇರಲಿ, ಒಂದು ಮನೆಯಿಂದ ಹೊರಗಿರಲಿ.

ಇವತ್ತೇ ನಿಮ್ಮ ಅತಿ ಹಳೆಯ ಕನ್ನಡ ಕಡತವನ್ನು ಫೋನಿನಲ್ಲಿ ತೆರೆದು ನೋಡಿ. ಗೋಜಲು ಕಂಡರೆ, ಪರಿವರ್ತಕ ತಂತ್ರಾಂಶಗಳು ಸಿಗುತ್ತಿರುವಾಗಲೇ ಯೂನಿಕೋಡಿಗೆ ಬದಲಿಸಿಕೊಳ್ಳಿ.