ಪ್ರಸ್ತಾರಸಂಖ್ಯೆಯೂ ಒಂದು ಮಹಾ ಅವಿಭಾಜ್ಯವೂ

170141183460469231731687303715884105727 ಎಂಬ 39 ಅಂಕಗಳ ಸಂಖ್ಯೆಯನ್ನು ಒಂದರಿಂದಲೂ ತನ್ನಿಂದಲೂ ಹೊರತು ಮತ್ತಾವುದರಿಂದಲೂ ನಿಶ್ಶೇಷವಾಗಿ ಭಾಗಿಸಲಾಗದು. ಇಂತಹುದಕ್ಕೆ ಅವಿಭಾಜ್ಯ ಸಂಖ್ಯೆಯೆಂದು ಹೆಸರು. ಗಣಿತಜ್ಞರ ಈ ವಸ್ತುವನ್ನು ಸಾಹಿತ್ಯಾಧ್ಯಾಪಕರ ಮುಂದಿಡುವುದಕ್ಕೆ ಕಾರಣವುಂಟು. ಇದರ ಉತ್ಪತ್ತಿಯನ್ನೂ ಪರೀಕ್ಷೆಯನ್ನೂ, ನಾವು ಪಾಠದಲ್ಲಿ ಅವಸರದಿಂದ ದಾಟಿಬಿಡುವ ಷಟ್ಪ್ರತ್ಯಯಗಳ ಭಾಷೆಯಲ್ಲಿಯೇ ಹೇಳಬಹುದಾಗಿದೆ.

ವರ್ಣವೃತ್ತದಲ್ಲಿ ಪ್ರತಿಯೊಂದು ಅಕ್ಷರವೂ ಲಘುವೋ ಗುರುವೋ ಆಗಬಹುದಾದುದರಿಂದ ಪಾದಕ್ಕೆ ಒಂದಕ್ಷರವು ಹೆಚ್ಚಿದರೆ ಪ್ರಸ್ತಾರವು ಇಮ್ಮಡಿಸುವುದು. ಮೂರಕ್ಷರಕ್ಕೆ 8, ಏಳಕ್ಷರದ ಉಷ್ಣಿಕ್ಕಿಗೆ 128. ಉದ್ದಿಷ್ಟಕ್ಕಾಗಿ ಅಕ್ಷರಗಳ ಮೇಲೆ ಬರೆಯುವ 1, 2, 4 ಮೊದಲಾದ ಅಂಕಗಳ ಮೊತ್ತವು ಇವುಗಳಿಗಿಂತ ಒಂದು ಕಡಿಮೆ, ಎಂದರೆ 7 ಮತ್ತು 127. ಇವೆರಡೂ ಅವಿಭಾಜ್ಯಗಳು. ಹನ್ನೊಂದಕ್ಷರದ ತ್ರಿಷ್ಟುಪ್ಪಿಗೆ ಬರುವ 2047 ಮಾತ್ರ 23 ಮತ್ತು 89ರ ಗುಣಲಬ್ಧ. 127 ಅಕ್ಷರಗಳ ಪಾದವನ್ನು ಕಲ್ಪಿಸಿಕೊಂಡರೆ (ದಂಡಕಕ್ಕಲ್ಲದೆ ಅಂತಹ ಪಾದವು ಸಲ್ಲದು) ಮೇಲ್ಕಂಡ ಮಹಾಸಂಖ್ಯೆಯು ದೊರೆಯುವುದು.

ಫ್ರಾನ್ಸಿನ ಪಾದ್ರಿ ಮರ್ಸೆನ್ ಎಂಬವನು 1644ರಲ್ಲಿ ಅವಿಭಾಜ್ಯವನ್ನು ಕೊಡುವ ಇಂತಹ ಘಾತಗಳ, ಎಂದರೆ ನಮ್ಮ ಅಕ್ಷರಸಂಖ್ಯೆಗಳ, ಪಟ್ಟಿಯೊಂದನ್ನು ಪ್ರಕಟಿಸಿದನು. ಅದರಲ್ಲಿ 67 ಮತ್ತು 127 ಎರಡೂ ಇದ್ದುವು, ಉಪಪತ್ತಿಯಿರಲಿಲ್ಲ. ಒಂದೊಂದೇ ಭಾಜಕವನ್ನು ಹಾಕಿ ನೋಡುವುದಾದರೆ ಮನುಷ್ಯನ ಆಯುಸ್ಸು ಸಾಲದು. ಎರಡು ಶತಮಾನಕ್ಕೂ ಮೀರಿ ಆ ಮಾತು ಬರಿಯ ಆಪ್ತವಾಕ್ಯವಾಗಿಯೇ ನಿಂತಿತು.

1876ರಲ್ಲಿ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞನು ಹಿಡಿದ ಮಾರ್ಗವು ಮಾತ್ರಾಪ್ರಸ್ತಾರದ ಅಂಕಗಳದು: 1, 2, 3, 5, 8, 13, 21. ಮೂರು ಮಾತ್ರೆಯ ಗಣಕ್ಕೆ 3 ರೂಪ, ನಾಲ್ಕರದಕ್ಕೆ 5, ಐದರದಕ್ಕೆ 8 ಎಂಬುದನ್ನು ಷಟ್ಪದಿಯ ಪಾಠ ಹೇಳುವವರೆಲ್ಲರೂ ಬಲ್ಲರು. ಹೇಮಚಂದ್ರನು 12ನೆಯ ಶತಮಾನದಲ್ಲಿಯೇ ಹೇಳಿದ ಈ ಶ್ರೇಣಿಗೆ ಯುರೋಪಿನಲ್ಲಿ 1202ರ ಗ್ರಂಥಕರ್ತನಾದ ಫಿಬೊನಾಚಿಯ ಹೆಸರು. ಆದರೆ ಇಷ್ಟರಿಂದಲೇ ಲ್ಯೂಕಾನ ಪರೀಕ್ಷೆಯೂ ನಮ್ಮವರಿಗೆ ಗೊತ್ತಿತ್ತೆಂದು ಹೇಳಹೊರಡುವುದು ಪಾಂಡಿತ್ಯವಲ್ಲ.

ಏಳು ಮಾತ್ರೆಗಳ ಪ್ರಸ್ತಾರವು 21. ಅದನ್ನು 7 ಭಾಗಿಸುತ್ತದೆ. ಅದರ ಹಿಂದಿನ ಮೊತ್ತವಾದ ಮೂರು ಮಾತ್ರೆಗಳ ಪ್ರಸ್ತಾರವನ್ನು ಭಾಗಿಸದು. 7 ಅವಿಭಾಜ್ಯವೆಂಬುದಕ್ಕೆ ಇದೇ ಪ್ರಮಾಣ. ಅಕ್ಷರಸಂಖ್ಯೆಯು ತಾನೂ ಅವಿಭಾಜ್ಯವಾಗಿದ್ದು, ನಾಲ್ಕರಿಂದ ಭಾಗಿಸಿದರೆ ಮೂರು ಉಳಿಯುವಂತಿದ್ದಲ್ಲಿ ಈ ನಿಯಮವು ಸಲ್ಲುತ್ತದೆ. ಪ್ರಸ್ತಾರವನ್ನೆಲ್ಲ ಎಣಿಸಬೇಕಾಗಿಲ್ಲ: 3ರಿಂದ ಹೊರಟು, ವರ್ಗಿಸಿ 2 ಕಳೆದು, ಪರೀಕ್ಷ್ಯ ಸಂಖ್ಯೆಯಿಂದ ಭಾಗಿಸಿದ ಶೇಷವನ್ನೇ ಮತ್ತೆ ವರ್ಗಿಸುತ್ತ ನಡೆದರೆ ಸಾಕು. 127ಕ್ಕೆ ಕ್ರಮವಾಗಿ 3, 7, 47, 48, 16 ಬರುವುವು. 16ರ ವರ್ಗ 256, ಎರಡು ಕಳೆದರೆ 254, ಅದು 127ರ ಇಮ್ಮಡಿ. ಆರನೆಯ ಪದದಲ್ಲಿ, ಎಂದರೆ ಅಕ್ಷರಸಂಖ್ಯೆಗಿಂತ ಒಂದು ಕಡಿಮೆಯಾದ ಸ್ಥಾನದಲ್ಲಿ, ಶೇಷವು ಸೊನ್ನೆಯಾಯಿತು. 2047ಕ್ಕಾದರೋ ಹತ್ತನೆಯ ಪದದಲ್ಲಿ 1034 ಉಳಿಯುತ್ತದೆ. ನಮ್ಮ ಮಹಾಸಂಖ್ಯೆಗೆ 126ನೆಯ ಪದದಲ್ಲಿ ಸೊನ್ನೆಯು ಬರುವುದು. ತಿಳಿದಿದ್ದ ಅವಿಭಾಜ್ಯಗಳಲ್ಲೆಲ್ಲ 1951ರವರೆಗೂ ಇದೇ ದೊಡ್ಡದು.

67ರ ವಿಷಯದಲ್ಲಿ ಮರ್ಸೆನ್ನನ ಮಾತು ಸುಳ್ಳಾಯಿತು. ಅದರಿಂದ ಬರುವ 147573952589676412927 ವಿಭಾಜ್ಯವೆಂದು ಲ್ಯೂಕಾನು ತೋರಿಸಿದನು. ಭಾಜಕವಾವುದೆಂದು ಮಾತ್ರ ಹೇಳಲಾರದೆ ಹೋದನು. ನೈಯಾಯಿಕರು ಹೊಗೆಯನ್ನು ಕಂಡು, ಬೆಂಕಿಯನ್ನು ಕಾಣದೆಯೇ, ಪರ್ವತದಲ್ಲಿ ಅದುಂಟೆಂದು ನಿರ್ಣಯಿಸುವ ಪರಿಯೇ ಇದು. ಆ ಬೆಂಕಿಯು ಕಣ್ಣಿಗೆ ಬಿದ್ದುದು 1903ರಲ್ಲಿ. ಅಮೆರಿಕದ ಕೋಲ್ ಎಂಬ ಗಣಿತಜ್ಞನು ಅದನ್ನು 193707721 ಮತ್ತು 761838257287ರ ಗುಣಲಬ್ಧವಾಗಿ ಒಡೆದು ತೋರಿಸಿದನು.