ಮಿದುಳಿನ ಒತ್ತಡ ಮತ್ತು ಮಕ್ಕಳ ದೃಷ್ಟಿ

ಕರಿಹಲಗೆಯ ಮೇಲಿನ ಬರಹ ಮಸುಕಾಗಿ ಕಾಣುತ್ತದೆಂದು ವಿದ್ಯಾರ್ಥಿಯು ಹೇಳಿದರೆ, ಅವನಿಗೆ ಕನ್ನಡಕ ಬೇಕಾಗಿದೆಯೆಂದು ಹಿರಿಯರು ಭಾವಿಸುವುದು ಸಹಜ. ಬಹುಪಾಲು ಮಕ್ಕಳ ವಿಷಯದಲ್ಲಿ ಆ ಊಹೆ ಸರಿಯಾದುದೇ. ಆದರೆ ಕೆಲವೇ ಮಕ್ಕಳಲ್ಲಿ ದೋಷದ ಮೂಲವು ಕಣ್ಣಿನಲ್ಲಿರದೆ ತಲೆಬುರುಡೆಯೊಳಗೆ ಅಡಗಿರುತ್ತದೆ. ಮಿದುಳಿನ ಸುತ್ತ ಒತ್ತಡ ಏರಿದಾಗ ಅದರ ಪೆಟ್ಟು ಕಣ್ಣಿನ ನರಕ್ಕೆ ತಗಲುತ್ತದೆ. ಇದು ವಿರಳವಾದ ಸ್ಥಿತಿಯೇ ಆದರೂ, ಸಕಾಲದಲ್ಲಿ ಗುರುತಿಸದಿದ್ದರೆ ಮಗುವು ಬಾಳಿನುದ್ದಕ್ಕೂ ದೃಷ್ಟಿಹೀನವಾಗಿ ಉಳಿಯಬಹುದು.

ಮಿದುಳು ಮತ್ತು ಬೆನ್ನುಹುರಿಗಳನ್ನು ನೀರಿನಂತೆ ತಿಳಿಯಾದ ಒಂದು ದ್ರವವು ಆವರಿಸಿರುತ್ತದೆ. ಪ್ರಾಯದ ಮನುಷ್ಯನಲ್ಲಿ ಒಂದು ಹೊತ್ತಿಗೆ ಇರುವ ಈ ದ್ರವದ ಪ್ರಮಾಣ ಸುಮಾರು 150 ಮಿ.ಲೀ.; ದಿನವೊಂದಕ್ಕೆ ಉತ್ಪತ್ತಿಯಾಗುವುದು ಸುಮಾರು 500 ಮಿ.ಲೀ. ಹೊಸದು ಬಂದಷ್ಟೂ ಹಳೆಯದು ರಕ್ತದಲ್ಲಿ ಲೀನವಾಗುತ್ತಿರಬೇಕು. ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯದ ಒಳಹರಿವು ಹೊರಹರಿವುಗಳ ಲೆಕ್ಕವನ್ನು ಮಳೆಗಾಲದಲ್ಲಿ ಕುತೂಹಲದಿಂದ ಕೇಳುವ ಈ ಸೀಮೆಯ ಜನರಿಗೆ ಇದು ಸುಲಭವಾಗಿ ಅರ್ಥವಾಗುವ ಸಂಗತಿ. ಆದರೆ ಆ ಅಣೆಕಟ್ಟಿಗೆ 33 ಗೇಟುಗಳಿವೆ. ಗಟ್ಟಿಯಾದ ತಲೆಬುರುಡೆಗೆ ಅಂಥ ಗೇಟುಗಳಿಲ್ಲ. ದ್ರವದ ಹರಿವಿಗೆ ತಡೆಯುಂಟಾದರೆ, ಗಡ್ಡೆ ಬೆಳೆದರೆ ಅಥವಾ ಮಿದುಳು ಊದಿಕೊಂಡರೆ ಒಳಗಿನ ಒತ್ತಡ ಏರುತ್ತದೆ. ಕಣ್ಣಿನ ನರವನ್ನು ಸುತ್ತಿರುವ ಪೊರೆಯೊಳಗೂ ಇದೇ ದ್ರವವಿರುವುದರಿಂದ ಆ ಒತ್ತಡವು ಕಣ್ಣಿನ ಹಿಂಭಾಗದವರೆಗೆ ತಲಪಿ, ನರದ ತುದಿ ಬಾತುಕೊಳ್ಳುತ್ತದೆ. ವೈದ್ಯರು ಇದನ್ನು ಪ್ಯಾಪಿಲೆಡಿಮಾ ಎನ್ನುತ್ತಾರೆ.

ಕಾರಣಗಳು ಹಲವು. ಮಿದುಳಿನ ಗಡ್ಡೆ, ಕ್ಷಯರೋಗದಿಂದ ಉಂಟಾಗುವ ಮಿದುಳುಪೊರೆಯ ಉರಿಯೂತ, ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ಲಾಡಿಹುಳುವಿನ ಮರಿಗಳು ಮಿದುಳನ್ನು ಸೇರುವುದು ಇವುಗಳಲ್ಲಿ ಮುಖ್ಯವಾದುವು. ಕೆಲವರಲ್ಲಿ, ವಿಶೇಷವಾಗಿ ಸ್ಥೂಲಕಾಯದ ಹದಿಹರೆಯದವರಲ್ಲಿ, ಇಂಥ ಯಾವ ಕಾರಣವೂ ಕಾಣದೆ ಒತ್ತಡ ಏರುವುದುಂಟು. ಟೆಟ್ರಾಸೈಕ್ಲಿನ್ ವರ್ಗದ ಔಷಧಗಳೂ ಮಿತಿಮೀರಿದ ಎ ಜೀವಸತ್ವವೂ ಇದಕ್ಕೆ ಕಾರಣವಾಗಬಲ್ಲವು. ಆದ್ದರಿಂದ ಅಂಗನವಾಡಿಯಲ್ಲಿ ಗೊತ್ತಾದ ಪ್ರಮಾಣದಲ್ಲಿ ಕೊಡುವ ಎ ಜೀವಸತ್ವಕ್ಕೆ ಹೆದರಬೇಕಾಗಿಲ್ಲ. ವೈದ್ಯರನ್ನು ಕೇಳದೆ ಮಾತ್ರೆಗಳನ್ನು ನುಂಗಿಸುವುದಕ್ಕೆ ಹೆದರಬೇಕು.

ಲಕ್ಷಣಗಳನ್ನು ಅರಿಯುವುದು ಕಷ್ಟವಲ್ಲ. ಬೆಳಿಗ್ಗೆ ಏಳುವಾಗಲೇ ತಲೆನೋವು, ಜೊತೆಗೆ ವಾಂತಿ. ಕೆಮ್ಮಿದಾಗ, ಬಗ್ಗಿದಾಗ ನೋವು ಹೆಚ್ಚುವುದು. ಬಗ್ಗಿ ಎದ್ದಾಗ ಕೆಲವು ಕ್ಷಣ ಕಣ್ಣು ಕತ್ತಲಿಟ್ಟು ಮತ್ತೆ ತಿಳಿಯಾಗುವುದು. ಒಂದು ವಸ್ತು ಎರಡಾಗಿ ಕಾಣುವುದು. ಹೊಸದಾಗಿ ಕಣ್ಣು ಮೂಗಿನ ಕಡೆಗೆ ತಿರುಗುವುದು. ಹಾಲುಗೂಸುಗಳಲ್ಲಿ ಬುರುಡೆಯ ಮೂಳೆಗಳು ಇನ್ನೂ ಕೂಡಿರದ ಕಾರಣ ತಲೆ ವೇಗವಾಗಿ ದೊಡ್ಡದಾಗುತ್ತದೆ, ನೆತ್ತಿ ಉಬ್ಬುತ್ತದೆ, ಕಣ್ಣುಗುಡ್ಡೆಗಳು ಕೆಳಗೆ ಇಳಿದಂತೆ ತೋರುತ್ತವೆ.

ಇಲ್ಲಿ ಮೋಸಹೋಗಲು ಒಂದು ಕಾರಣವಿದೆ. ಈ ವ್ಯಾಧಿಯ ಆರಂಭದಲ್ಲಿ ಮಗುವು ಗೋಡೆಯ ಮೇಲಿನ ಅಕ್ಷರಪಟದ ಕೊನೆಯ ಸಾಲನ್ನೂ ತಡವರಿಸದೆ ಓದಬಹುದು. ಮೊದಲು ಸವೆಯುವುದು ಅಂಚಿನ ನೋಟ. ನಟ್ಟನಡುವಿನ ನೋಟ ಕೆಡುವುದು ಸಾಮಾನ್ಯವಾಗಿ ಕೊನೆಗೆ. ಹೀಗಾಗಿ ಅಕ್ಷರಪಟವೊಂದನ್ನೇ ನೆಚ್ಚಿದರೆ ರೋಗವು ಮರೆಯಲ್ಲೇ ಉಳಿಯುತ್ತದೆ. ಔಷಧದ ಹನಿ ಹಾಕಿ ಪಾಪೆಯನ್ನು ಅಗಲಿಸಿ, ಕಣ್ಣಿನ ಹಿಂಭಾಗವನ್ನು ಪರೀಕ್ಷಿಸಿದಾಗಲೇ ಬಾತುಕೊಂಡ ನರ ಚೆನ್ನಾಗಿ ಗೋಚರಿಸುವುದು. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಪಡಿಸಿದ ನೇತ್ರದರ್ಶಕದಿಂದ ಈ ಪರೀಕ್ಷೆ ಸಾಧ್ಯವಾಯಿತು. ಇಂದು ಅದಕ್ಕೆ ಕೆಲವು ನಿಮಿಷಗಳು ಸಾಕು.

ಕನ್ನಡನಾಡಿನ ಊರೂರುಗಳಲ್ಲಿ ಶಿಬಿರ ನಡೆಸಿ ಅಸಂಖ್ಯಾತರ ಕಣ್ಣಿನ ಪೊರೆ ತೆಗೆದ ಡಾ. ಎಂ. ಸಿ. ಮೋದಿ (1916–2005) ಅವರ ಸೇವೆಯನ್ನು ಹಿರಿಯರು ಬಲ್ಲರು. ಪೊರೆ ಬಲಿತು ಕಾಣದಾದ ಕಣ್ಣಿಗೂ ಶಸ್ತ್ರಚಿಕಿತ್ಸೆಯಿಂದ ಬೆಳಕು ಮರಳುವುದನ್ನು ಜನ ಕಂಡರು. ತಡವಾದರೂ ಚಿಂತೆಯಿಲ್ಲವೆಂಬ ಆ ಧೈರ್ಯ ಇಲ್ಲಿ ಸಲ್ಲದು. ಒತ್ತಡದಿಂದ ಒಮ್ಮೆ ಬಾಡಿದ ನರ ಮತ್ತೆ ಚಿಗುರುವುದಿಲ್ಲ. ಚಿಕಿತ್ಸೆಯು ಉಳಿದ ದೃಷ್ಟಿಯನ್ನು ಕಾಯಬಲ್ಲದೇ ಹೊರತು ಅಳಿದುದನ್ನು ತರಲಾರದು.

ಸಂಡೂರಿನ ಗಣಿ ಕಾರ್ಮಿಕರ, ಕಂಪ್ಲಿಯ ಗದ್ದೆಗಳಲ್ಲಿ ದುಡಿಯುವವರ, ಹಂಪಿಯ ಸಣ್ಣ ವ್ಯಾಪಾರಿಗಳ ಮಕ್ಕಳು ದಿನದ ಬಹುಭಾಗವನ್ನು ಕಳೆಯುವುದು ಶಾಲೆಯಲ್ಲಿ. ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವುದು ತಂದೆತಾಯಿಗಳಿಗೆ ಸುಲಭವಲ್ಲ. ಮಗುವಿನ ತಲೆನೋವನ್ನು ಪಾಠ ತಪ್ಪಿಸುವ ನೆಪವೆಂದು ತಳ್ಳಿಹಾಕದೆ, ಅದು ಎಷ್ಟು ದಿನಗಳಿಂದಿದೆ, ಯಾವ ಹೊತ್ತಿಗೆ ಬರುತ್ತದೆಂದು ಅಧ್ಯಾಪಕರು ಕೇಳಿ ಬರೆದಿಟ್ಟರೆ ವೈದ್ಯರಿಗೆ ಅದೇ ದೊಡ್ಡ ನೆರವು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡ ಶಾಲೆಗೆ ಬಂದಾಗ ಆ ಟಿಪ್ಪಣಿಯನ್ನು ತೋರಿಸಬಹುದು. ಆದರೆ ತಲೆನೋವಿನೊಡನೆ ವಾಂತಿ, ಎರಡಾಗಿ ಕಾಣುವಿಕೆ ಅಥವಾ ಮಂಪರು ಕಂಡರೆ ತಂಡದ ದಾರಿ ಕಾಯದೆ ಅದೇ ದಿನ ಆಸ್ಪತ್ರೆಗೆ ಕಳಿಸಬೇಕು. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹೊಸಪೇಟೆಗೆ ಸುಮಾರು 60 ಕಿ.ಮೀ. ದೂರದಲ್ಲಿದೆ, ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್, ಮಿಂಟೋ ಕಣ್ಣಾಸ್ಪತ್ರೆಗಳಿವೆ. ಅಲ್ಲಿ ಮೊದಲು ತಲೆಯ ಸ್ಕ್ಯಾನ್ ಮಾಡಿ, ಅಗತ್ಯವೂ ಸುರಕ್ಷಿತವೂ ಆದಲ್ಲಿ ಬೆನ್ನಿನಿಂದ ದ್ರವ ತೆಗೆದು ಒತ್ತಡ ಅಳೆಯುತ್ತಾರೆ. ಕಾರಣಕ್ಕೆ ತಕ್ಕಂತೆ ಔಷಧ, ಶಸ್ತ್ರಚಿಕಿತ್ಸೆ ಅಥವಾ ದ್ರವವನ್ನು ಹೊಟ್ಟೆಗೆ ಹರಿಸುವ ಸಣ್ಣ ಕೊಳವೆಯ ಜೋಡಣೆ ನಡೆಯುತ್ತದೆ.

ಶಾಲೆಗೆ ನೆರವಾಗುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಕಟ್ಟಡ, ಪುಸ್ತಕಗಳಂತೆಯೇ ಬಡಮಗುವೊಂದರ ಆಸ್ಪತ್ರೆಯ ಪ್ರಯಾಣದ ವೆಚ್ಚವನ್ನೂ ಶಿಕ್ಷಣದ ಅಂಗವೆಂದು ಎಣಿಸುವುದು ಉಚಿತ. ವರ್ಷಕ್ಕೊಮ್ಮೆ ನೇತ್ರ ತಪಾಸಣೆ ಏರ್ಪಡಿಸುವಾಗ ಅಕ್ಷರಪಟದ ಪರೀಕ್ಷೆಗಷ್ಟೇ ತೃಪ್ತರಾಗದೆ, ತಲೆನೋವಿನಿಂದ ಬಳಲುವ ಮಕ್ಕಳ ಕಣ್ಣಿನ ಹಿಂಭಾಗವನ್ನೂ ನೋಡುವಂತೆ ವೈದ್ಯರನ್ನು ಕೋರಬೇಕು.